ನೇರಳೆ ಬಣ್ಣದ ಮೂವತ್ತೇಳು: ಗೋಡೆಯ ಮೇಲಿನ ರಾಹುಕಾಲ

"ಕಾಫಿ ಆರ್ತಾ ಇದೆ ಮೇಡಂ," ಎಂದ ಚಂದ್ರಮೌಳಿ.

ಸರೋಜಮ್ಮನ ಕಣ್ಣು ಕಾಫಿಯ ಮೇಲಿರಲಿಲ್ಲ. ಫ್ರಿಜ್ಜಿನ ಪಕ್ಕದ ಗೋಡೆಯ ಮೇಲಿತ್ತು. ಅಲ್ಲಿ ದೇವಸ್ಥಾನದವರು ವರ್ಷಾರಂಭಕ್ಕೆ ಹಂಚುವ ಕ್ಯಾಲೆಂಡರ್ ತೂಗುತ್ತಿತ್ತು. ಜೂನ್ ತಿಂಗಳ ಹಾಳೆ. ಪ್ರತಿ ವಾರದ ಕೆಳಗೆ ಸಣ್ಣ ಅಕ್ಷರದಲ್ಲಿ ರಾಹುಕಾಲ, ಗುಳಿಕಕಾಲ.

"ಸಕ್ಕರೆ ಕಮ್ಮಿಯಾಯ್ತಾ?"

"ಇನ್ನೂ ಕುಡಿದಿಲ್ಲ."

"ನನಗೆ ಸರಿಯಾಗಿದೆ," ಎಂದರು ಅವರ ಗಂಡ ಶಿವರಾಮು. ಅವರ ತಟ್ಟೆಯಲ್ಲಿ ಇದ್ದ ಐದು ಚಕ್ಕುಲಿಯಲ್ಲಿ ಈಗ ಒಂದೂವರೆ ಉಳಿದಿತ್ತು. ವೆಸ್ಟ್‌ಮಂಟಿನಿಂದ ವುಡ್‌ರಿಡ್ಜಿಗೆ ಷಿಕಾಗೋ ಹೊರವಲಯದಲ್ಲೇ ಹದಿನೈದು ನಿಮಿಷ ಡ್ರೈವ್ ಮಾಡಿದ್ದಕ್ಕೆ ಅದು ತಮ್ಮ ಕೂಲಿ ಎಂದು ಅವರು ತಿಳಿದಿದ್ದರು.

ಶನಿವಾರ ಮಧ್ಯಾಹ್ನ. ಮೂವತ್ತೇಳನೆಯ ಗಾಡಿಯಿಂದ ಕಾಣೆಯಾದ ಬಿಲ್ಲೆ ಎಲ್ಲಿದೆಯೆಂದು ಸೋಮವಾರ ಬೆಳಗ್ಗೆ ಒಂಬತ್ತರೊಳಗೆ ಹೇಳದಿದ್ದರೆ, ಸರೋಜಮ್ಮನನ್ನು ಆಂಟಿ ಎನ್ನುವ ಎಂಜಿನಿಯರ್ ಹುಡುಗಿ ಪವಿತ್ರಳ ಮಿಶಿಗನ್ನಿನ ಡಿಯರ್‌ಬಾರ್ನ್ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಅರವತ್ತು ದಿನದೊಳಗೆ ಅವಳು ಈ ದೇಶ ಬಿಡಬೇಕು.

ಗಾಡಿ ಎಂದರೆ ಸಾಮಾನ್ಯ ಗಾಡಿಯಲ್ಲ. ಹಾರ್ಟ್‌ವೆಲ್ ಕಂಪನಿಯವರು ಇಂಜಿನ್ ಮಾಡಿ, ಕಾರಿನ ಮೈ ಕಟ್ಟುವುದರಲ್ಲಿ ಹೆಸರಾದ ಇಟಲಿಯ ವೆರ್ದಾನಿ ಕಮ್ಮಟದವರ ಕೈಯಲ್ಲಿ ಅಲ್ಯುಮಿನಿಯಂ ಹಾಳೆ ಬಡಿಸಿ, ಡಿಯರ್‌ಬಾರ್ನಿನ ಶೆಡ್ಡಿನಲ್ಲಿ ಎರಡನ್ನೂ ಕೂಡಿಸಿದ ದೂರಪ್ರಯಾಣದ ಕಾರು. ಮಾಗಿದ ನೇರಳೆ ಹಣ್ಣಿನ ಬಣ್ಣ. ಲೋಕದಲ್ಲಿ ತೊಂಬತ್ತೊಂಬತ್ತೇ. ತೊಂಬತ್ತೊಂಬತ್ತರಲ್ಲಿ ಇದು ಎಷ್ಟನೆಯದು ಎಂದು ಸಾರುವುದು ಬಾನೆಟ್ಟಿನ ಒಳಮೈಗೆ ಎರಡು ಸ್ಕ್ರೂನಲ್ಲಿ ಕೂರಿಸಿದ ಒಂದು ಮೀನಾಕಾರಿ ಬಿಲ್ಲೆ. ಬಿಲ್ಲೆ ಇದ್ದರೆ ಅದು ಕಲಾಕೃತಿ, ಇಲ್ಲದಿದ್ದರೆ ಬರೀ ಕಾರು. ಬಿಲ್ಲೆ ಇದ್ದರೂ ಇಲ್ಲದಿದ್ದರೂ ಅದನ್ನು ಕಟ್ಟಿದ ಕೈಗಳು ಅವೇ ಆದರೂ, ಕಂಪನಿ ಕಾವಲು ಕಾಯುವುದು ಬಿಲ್ಲೆಯನ್ನು.

"ಚಂದ್ರಮೌಳಿಯವರೇ," ಎಂದರು ಸರೋಜಮ್ಮ, "ಆ ಕ್ಯಾಲೆಂಡರಲ್ಲಿ ಹೋದ ಶನಿವಾರದ ರಾಹುಕಾಲ ಎಷ್ಟು ಅಂತ ಓದ್ತೀರಾ? ನನ್ನ ಕನ್ನಡಕ ಕಾರಲ್ಲೇ ಉಳೀತು."

"ಮೂಗಿನ ಮೇಲೇ ಇದೆಯಲ್ಲೇ," ಎಂದರು ಶಿವರಾಮು.

"ಇದು ದೂರದ್ದು. ನೀವು ಚಕ್ಕುಲಿ ತಿನ್ನಿ."

ಚಂದ್ರಮೌಳಿ ನಗುತ್ತಲೇ ಎದ್ದ. ಐವತ್ತಾರರ ಗುಂಡುಮುಖದ ಮನುಷ್ಯ. ಎಂಜಿನಿಯರುಗಳನ್ನು ಕಂಪನಿಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯವಹಾರ. ಬೆವರು ಯಾರದ್ದೋ, ಬಿಲ್ಲು ಇವನದು. ಹಾಗಿದ್ದೂ ಕನ್ನಡ ಕೂಟದ ಊಟದಲ್ಲಿ ತಾನೇ ಸೌಟು ಹಿಡಿದು ಬಿಸಿಬೇಳೆಬಾತ್ ಬಡಿಸುವವನು. ಮೂವತ್ತೇಳನೆಯ ಗಾಡಿಯನ್ನು ಬುಕ್ ಮಾಡಿದವನು ಅವನೇ. ಹೊಸ ಗಾಡಿಗೆ ವಿಮೆಯ ಸಲಹೆ ಕೊಡುತ್ತೇವೆಂದು ಹೇಳಿ ಗಂಡಹೆಂಡತಿ ಈ ಮನೆ ಹೊಕ್ಕಿದ್ದರು.

"ಒಂಬತ್ತು ನಾಲ್ಕರಿಂದ ಹತ್ತು ಐವತ್ತೆಂಟು," ಎಂದು ಓದಿದ. "ಬೇಸಿಗೇಲಿ ಹಗಲು ಉದ್ದ ಅಲ್ವಾ, ರಾಹುಕಾಲಾನೂ ಉದ್ದ. ಯಾಕೆ ಮೇಡಂ?"

ಸರೋಜಮ್ಮ ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ನೀವಿದರು. ಆರೋಪಪತ್ರದ ಜೊತೆಗೆ ಕಂಪನಿ ಪವಿತ್ರಳಿಗೆ ಕೊಟ್ಟಿದ್ದ ದಾಖಲೆ. ಗಾಡಿಯ ಬಾಗಿಲು, ಸೀಟು, ಇಂಜಿನ್ ಯಾವಾಗ ಅಲುಗಾಡಿದವು ಎಂದು ಗಾಡಿಯೇ ಕಂಪನಿಗೆ ಕಳಿಸಿದ ಪಟ್ಟಿ. ಎಲ್ಲಿಗೆ ಹೋಯಿತು ಎನ್ನುವುದು ಅದರಲ್ಲಿರಲಿಲ್ಲ. ಆ ಸೌಲಭ್ಯವನ್ನು ಮಾಲೀಕನ ಕೈಗೆ ಕೊಟ್ಟ ಮೇಲೆಯೇ ಚಾಲೂ ಮಾಡುವುದು.

"ಹೋದ ಶನಿವಾರ, ಡಿಯರ್‌ಬಾರ್ನ್. ಒಂಬತ್ತು ಎರಡಕ್ಕೆ ಪವಿತ್ರಳ ಕಾರ್ಡಿನಿಂದ ಶೆಡ್ಡಿನ ಬಾಗಿಲು ತೆಗೆದಿದೆ. ಒಂಬತ್ತು ಮೂರಕ್ಕೆ ಗಾಡಿಯ ಸೀಟು ಹಿಂದೆ ಸರಿದಿದೆ. ಆಮೇಲೆ ಸದ್ದಿಲ್ಲ. ಎರಡು ಗಂಟೆ ಹತ್ತಿರ ಹತ್ತಿರ ಏನೂ ಇಲ್ಲ. ಹತ್ತು ಐವತ್ತೊಂಬತ್ತಕ್ಕೆ ಇಂಜಿನ್ ಸ್ಟಾರ್ಟ್. ಭಾನುವಾರ ಸಂಜೆ ವಾಪಸ್ ಬರೋ ಹೊತ್ತಿಗೆ ಐನೂರ ನಲವತ್ತೆಂಟು ಮೈಲಿ ಓಡಿದೆ."

"ಪಾಪ, ಆ ಹುಡುಗಿ. ಕೇಳಿದೆ ನಾನೂ."

"ಆ ಎರಡು ಗಂಟೆ ಒಳಗೆ ಕೂತು ಅವಳು ಏನು ಕಳ್ಳತನ ಮಾಡ್ತಿದ್ದಳು ಅಂತ ಕಂಪನಿಯೋರು ಕೇಳ್ತಾರೆ. ನನಗೆ ಅನ್ನಿಸಿದ್ದು ಬೇರೆ. ಕೀಲಿ ಕೈಯಲ್ಲಿ ಹಿಡ್ಕೊಂಡು, ಸೀಟು ಸರಿಮಾಡ್ಕೊಂಡು, ಸುಮ್ನೆ ಗಡಿಯಾರ ನೋಡ್ತಾ ಕೂರೋ ಜನ ಪ್ರಪಂಚದಲ್ಲಿ ಯಾರು?"

"ನಮ್ಮೋರು," ಎಂದರು ಶಿವರಾಮು, ಬಾಯಿ ಒರೆಸಿಕೊಂಡು. "ನನ್ನ ಮದುವೆ ದಿಬ್ಬಣ ಹೀಗೇ ಬಸ್ಸಲ್ಲಿ ಕೂತಿತ್ತು. ಡ್ರೈವರ್ ನಿದ್ದೆ ಹೋಗಿಬಿಟ್ಟಿದ್ದ."

ಚಂದ್ರಮೌಳಿಯ ನಗು ಸ್ವಲ್ಪ ಸಡಿಲವಾಯಿತು. "ಹಾಗಾದ್ರೆ ಪವಿತ್ರಾನೇ ರಾಹುಕಾಲ ಕಳೆದು ಹೊರಟಿರಬೇಕು. ಅವರೂ ನಮ್ಮೋರೇ ತಾನೆ."

"ಅವಳಾ?" ಸರೋಜಮ್ಮ ನಕ್ಕರು. "ಧಾರವಾಡದ ಹುಡುಗಿ. ಗ್ರಹಣದ ದಿನ ಹೊರಗೆ ನಿಂತು ಮಿರ್ಚಿ ಭಜಿ ತಿನ್ನೋ ಪೈಕಿ. ಮೊದಲ ದಿನದ ಕೆಲಸಕ್ಕೆ ಅಮಾವಾಸ್ಯೆ ನೋಡ್ಕೊಂಡು ಸೇರಿದೋಳು. ಅದೂ ಅಲ್ಲದೆ, ಡಿಯರ್‌ಬಾರ್ನಿನವರು ಯಾರೂ ಹತ್ತು ಐವತ್ತೊಂಬತ್ತಕ್ಕೆ ಹೊರಡೋದಿಲ್ಲ."

"ಯಾಕೆ?"

"ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಸೂರ್ಯ ಹುಟ್ಟೋ ಹೊತ್ತೇ ಬೇರೆ. ಅಲ್ಲಿ ಅವತ್ತಿನ ರಾಹುಕಾಲ ಒಂಬತ್ತು ಮುಕ್ಕಾಲಿಗೆ ಶುರುವಾಗಿ ಹನ್ನೊಂದು ನಲವತ್ತಕ್ಕೆ ಮುಗಿದಿದೆ. ಒಂಬತ್ತು ನಾಲ್ಕು, ಹತ್ತು ಐವತ್ತೆಂಟು ಅನ್ನೋದು ಷಿಕಾಗೋ ಲೆಕ್ಕ. ಈ ಗೋಡೆ ಮೇಲಿನ ಲೆಕ್ಕ. ಇದರ ಫೋಟೋ ಫೋನಲ್ಲಿ ಇಟ್ಕೊಂಡು, ಮಿಶಿಗನ್ನಿನ ಗಡಿಯಾರಕ್ಕೆ ಹೊಂದಿಸಿ ಕೂತೋನು ಒಬ್ಬನಿದಾನೆ."

ಚಂದ್ರಮೌಳಿ ಕ್ಯಾಲೆಂಡರ್ ನೋಡಿದ. ಹಾಳೆ ನೋಡಿದ. ಮತ್ತೆ ಕ್ಯಾಲೆಂಡರ್ ನೋಡಿದ.

"ಅಂದ್ರೆ," ಎಂದ, "ನಾನು ರಾಹುಕಾಲದ ಮಧ್ಯದಲ್ಲೇ ಹೊರಟುಬಿಟ್ಟೆನಾ?"

ಶಿವರಾಮು ಕೊನೆಯ ಚಕ್ಕುಲಿಯನ್ನು ಕಡಿಯದೆ ಹಿಡಿದೇ ಇದ್ದರು. ಸಿಕ್ಕಿಬಿದ್ದೆ ಎಂಬ ಅರಿವು ಚಂದ್ರಮೌಳಿಗೆ ಬರಲು ಮೂರು ಉಸಿರು ಬೇಕಾಯಿತು.

"ನಟ್ಟನಡುವೆ," ಎಂದರು ಸರೋಜಮ್ಮ. ಕಾಫಿ ಎತ್ತಿಕೊಂಡು ಮೊದಲ ಗುಟುಕು ಕುಡಿದರು. "ಚೆನ್ನಾಗಿದೆ ಕಾಫಿ."

"ಅದಕ್ಕೇ ಆ ಕಾರು ಗ್ಯಾರೇಜಿಗೆ ಹಿಡೀಲಿಲ್ಲ," ಎಂಬ ದನಿ ಬಾಗಿಲ ಬಳಿಯಿಂದ ಬಂತು.

ಚಂದ್ರಮೌಳಿಯ ತಾಯಿ ತಾಯಮ್ಮ ನಿಂತಿದ್ದರು, ಕೈಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿ ಬಟ್ಟಲು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ.

"ಅಮ್ಮ, ನೀನು ಒಳಗೆ ಹೋಗು."

"ಒಂದೂವರೆ ಅಡಿ ಹೊರಗೇ ಉಳೀತಮ್ಮ," ಎಂದು ತಾಯಮ್ಮ ಸರೋಜಮ್ಮನ ಎದುರು ಕುರ್ಚಿ ಎಳೆದುಕೊಂಡರು. "ಅಷ್ಟುದ್ದ ಮೂತಿ. ಇಡೀ ಬಡಾವಣೆ ಬಂದು ನೋಡ್ತು. ಶನಿವಾರ ಕಬ್ಬಿಣ ಮನೆಗೆ ತರಬೇಡ ಕಣೋ ಅಂತ ಬಡ್ಕೊಂಡೆ. ಅಲ್ಯುಮಿನಿಯಂ ಅಮ್ಮ, ದೋಷ ಇಲ್ಲ ಅಂದ."

"ಬಾಡಿ ಅಲ್ಯುಮಿನಿಯಮ್ಮೇ," ಎಂದ ಚಂದ್ರಮೌಳಿ ಕುಗ್ಗಿದ ದನಿಯಲ್ಲಿ.

"ಇಂಜಿನ್ನು?"

ಅವನು ತಾಯಿಗೆ ಕಾಫಿ ಬಗ್ಗಿಸಲು ಎದ್ದ.

ಕಥೆ ಹೊರಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಾಡಿ ಕೈಸೇರುವ ದಿನವೆಂದು ಕಂಪನಿ ಗೊತ್ತುಮಾಡಿದ್ದು ಜುಲೈ ಹತ್ತು. ನಡು ಆಷಾಢ. ಹೊಸ ಗಾಡಿ ಆಷಾಢದಲ್ಲಿ ಮನೆಗೆ ಬರುವುದೆಂದರೆ ಚಂದ್ರಮೌಳಿಗೆ ನಿದ್ದೆಯಿಲ್ಲ. ದಿನ ಬದಲಿಸಿ ಎಂದು ಬರೆದ. ಆಷಾಢ ಎಂದರೇನು, ಅದು ಯಾವ ಪಾರ್ಟು ಎಂದು ಕಂಪನಿ ಕೇಳಿತು. ಕೊನೆಗೆ ಶೆಡ್ಡಿನ ಮ್ಯಾನೇಜರ್ ಕೇಶವ್ ಕೈಹಿಡಿದ. ಜ್ಯೇಷ್ಠದಲ್ಲೇ ಒಂದು ದಿನದ ಮಟ್ಟಿಗೆ ಒಯ್ದು ಪೂಜೆ ಮಾಡಿಸಿ ತಂದುಬಿಡಿ ಅಂಕಲ್, ಅಧಿಕೃತವಾಗಿ ಜುಲೈನಲ್ಲೇ ಕೊಟ್ಟಂತೆ ಇರಲಿ ಎಂದ. ಶುಕ್ರವಾರ ಚಂದ್ರಮೌಳಿ ವಿಮಾನದಲ್ಲಿ ಹೋದ. ಶನಿವಾರ ಬೆಳಗ್ಗೆ ಗೇಟಿನ ಹೊರಗೆ ಕೇಶವ್ ಒಂದು ಕವರ್ ಕೊಟ್ಟ. ಒಳಗೆ ಕೀಲಿ, ಮತ್ತೊಂದು ಕಾರ್ಡು.

"ಕಾರ್ಡಿನ ಮೇಲೆ ಯಾರ ಮುಖ ಇತ್ತು?"

"ನೋಡಲಿಲ್ಲ ಮೇಡಂ. ಬಾಗಿಲು ತೆಗೀತು, ನಾನು ಗಾಡಿ ನೋಡ್ದೆ. ಭಾನುವಾರ ಸಂಜೆ ಅದೇ ಗೇಟ್ ಹತ್ರ ಕೇಶವ್ ಕೈಗೇ ಒಪ್ಪಿಸ್ದೆ. ಒಳಗೆ ನಾನೇ ಹಾಕ್ತೀನಿ ಅಂಕಲ್, ನೀವು ಹೋಗಿ ಅಂದ. ದೇವರಾಣೆಗೂ ಬಿಲ್ಲೆ ನಾನು ಮುಟ್ಟಿಲ್ಲ."

"ಪವಿತ್ರಳ ಕಾರ್ಡು ಶುಕ್ರವಾರವೇ ಕಳೆದಿತ್ತು. ಅವಳ ಕೆಲಸ ಹೋಗ್ತಿದೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

ಚಂದ್ರಮೌಳಿ ಟೇಬಲ್ಲಿನ ಅಂಚನ್ನು ಉಗುರಿನಲ್ಲಿ ಕೆರೆದ. "ಮಂಗಳವಾರ."

"ಇವತ್ತು ಶನಿವಾರ."

"ಡೆಲಿವರಿಗೆ ಮುಂಚೆ ಗಾಡಿ ಓಡಿಸಿದ್ರೆ ಬುಕಿಂಗ್ ಕ್ಯಾನ್ಸಲ್ ಅಂತ ಅಗ್ರಿಮೆಂಟಲ್ಲಿದೆ ಮೇಡಂ. ಏನೋ ಸೆಟ್ಲ್ ಮಾಡ್ತೀವಿ, ಹುಡುಗಿಗೆ ಬೇರೆ ಕಡೆ ಕೆಲಸ ಸಿಗತ್ತೆ ಅಂತ ಕೇಶವ್ ಹೇಳ್ದ."

ಸರೋಜಮ್ಮ ಲೋಟ ಕೆಳಗಿಟ್ಟರು. ಮೂವತ್ತೊಂದು ವರ್ಷ ವಿಮೆ ಕಂಪನಿಯ ಪರವಾಗಿ, ಗುದ್ದಿದ ಗಾಡಿಗಳನ್ನು ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಬರೆದುಕೊಟ್ಟವರು ಅವರು. ಗುದ್ದಿದವನು ಯಾವತ್ತೂ ಮೊದಲು ತನ್ನ ಬಂಪರ್ ನೋಡುತ್ತಾನೆ, ಆಮೇಲೆ ರಸ್ತೆಯಲ್ಲಿ ಬಿದ್ದವನನ್ನು.

"ನಿಮ್ಮ ಒಂದು ತಿಂಗಳ ಆಷಾಢಕ್ಕೆ ಅವಳ ಆರು ವರ್ಷ ಕೊಡಬೇಕಾ? ಆ ಗಾಡಿಯ ಬಾಗಿಲು ಹಾಕಿದಾಗ ಒಂದು ಸದ್ದು ಬರತ್ತಲ್ಲ, ಕೇಳಿದ್ರಾ?"

ಚಂದ್ರಮೌಳಿಯ ಕಣ್ಣು ತನಗರಿವಿಲ್ಲದೆ ಹೊಳೆಯಿತು. "ಆಹಾ. ಹಲಸಿನ ಹಣ್ಣಿಗೆ ಗುದ್ದಿದ ಹಾಗೆ. ಹತ್ತು ಸಲ ತೆಗೆದು ಹಾಕ್ದೆ."

"ಅದು ಇಟಲಿದಲ್ಲ. ಪವಿತ್ರಳದು. ಬಾಗಿಲಿನ ರಬ್ಬರು ಅವಳ ಕೆಲಸ. ಆ ಸದ್ದಿಗೆ ಹದಿನಾಲ್ಕು ತಿಂಗಳು ತಗೊಂಡಳು. ಇಟಲಿಯ ಡಿಸೈನರ್ ಸಹಿ ಬಾನೆಟ್ ಮೇಲಿದೆ. ಇವಳ ಹೆಸರಿರೋದು ಆರೋಪಪತ್ರದಲ್ಲಿ."

ತಾಯಮ್ಮ ಅವರೆಕಾಳೊಂದನ್ನು ಬಟ್ಟಲಿಗೆ ಹಾಕಿದರು. "ಮೌಳಿ," ಎಂದರು, ದನಿ ಏರಿಸದೆ. "ಹೇಳಿಬಿಡು ಅವರಿಗೆ. ಆ ಕಾರು ಹೇಗೂ ಗ್ಯಾರೇಜಿಗೆ ಹಿಡಿಯಲ್ಲ."

ಶಿವರಾಮು ಕೆಮ್ಮಿ ನಗು ಮರೆಸಿಕೊಂಡರು. ಚಂದ್ರಮೌಳಿ ಬಡಿಸುವವನ ಹಾಗೆ ಎರಡೂ ಕೈ ಚೆಲ್ಲಿದ.

"ಹೇಳ್ತೀನಿ. ಸೋಮವಾರ ನಾನೇ ಬರ್ತೀನಿ. ಆದ್ರೆ ಮೇಡಂ, ನಾನು ಓಡಿಸಿದೆ ಅಂದ್ರೂ ಬಿಲ್ಲೆ ಅವಳೇ ಆಮೇಲೆ ಬಿಚ್ಚಿದಳು ಅಂತಾರಲ್ಲ?"

ಅದು ಸರಿಯಾದ ಪ್ರಶ್ನೆ. ಸರೋಜಮ್ಮನಿಗೂ ಎರಡು ದಿನದಿಂದ ಅದೇ ಮುಳ್ಳು.

ಗುರುವಾರ ಅವರು ಡಿಯರ್‌ಬಾರ್ನಿಗೆ ಹೋಗಿ, ಪವಿತ್ರಳ ಪರವಾಗಿ ಗಾಡಿಯನ್ನು ಪರೀಕ್ಷಿಸಿದ್ದರು. ಹೊಸ ಟೈರಿನ ಮೇಲೆ ಮೀಸೆಯಂಥ ರಬ್ಬರ್ ಎಳೆಗಳಿರುತ್ತವೆ. ಸ್ವಲ್ಪ ಓಡಿದರೆ ರಸ್ತೆಗೆ ತಾಗುವ ಕಡೆ ಸವೆದು ಹೋಗುತ್ತವೆ. ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ನಾಲ್ಕೂ ಟೈರಿನ ಮೀಸೆ ಒಂದೂ ಕೆಡದೆ ಇತ್ತು. ಬಿಲ್ಲೆ ಇರಬೇಕಾದ ಎರಡು ತೂತಿನ ಅಂಚಿನಲ್ಲಿ ಬಣ್ಣ ಒಂದಿಷ್ಟೂ ಚಕ್ಕೆ ಎದ್ದಿರಲಿಲ್ಲ. ಸ್ಕ್ರೂ ಬಿಚ್ಚಿದ ಗುರುತಿರಲಿ, ಕೂರಿಸಿದ ಗುರುತೇ ಇರಲಿಲ್ಲ. ಗಾಡಿ ಐನೂರು ಮೈಲಿ ಓಡಿದೆ ಎಂದು ಕಾಗದ ಹೇಳುತ್ತಿತ್ತು. ಓಡೇ ಇಲ್ಲ ಎಂದು ಟೈರು ಹೇಳುತ್ತಿತ್ತು.

"ಪೂಜೆ ಫೋಟೋ ತೆಗೆದಿದೀರಾ?"

"ಒಂದಾ ಎರಡಾ," ಎಂದ ಚಂದ್ರಮೌಳಿ. ಗಾಡಿಯ ಮಾತು ಬಂದೊಡನೆ ಅವನಿಗೆ ಜೀವ ಬರುತ್ತಿತ್ತು. "ಕುಂಕುಮ ಹೊರಗಿಟ್ರೆ ಕಂಪನಿಗೆ ಗೊತ್ತಾಗತ್ತೆ ಅಂತ ಬಾನೆಟ್ ಎತ್ತಿ ಒಳಗೆ ಇಟ್ವಿ. ಇಲ್ನೋಡಿ. ಬಿಲ್ಲೆ ಇದೆ, ಮೂವತ್ತೇಳು. ಆಮೇಲೆ ಇದನ್ನ ನೋಡಿ ಮೇಡಂ, ನನಗೆ ಕಣ್ಣಲ್ಲಿ ನೀರೇ ಬಂತು."

ಬಾನೆಟ್ಟಿನ ಒಳಮೈ, ಹಿಂದಿನ ಅಂಚು. ನೇರಳೆ ಬಣ್ಣದ ಮೇಲೆ ಬೆಳ್ಳಿಯ ಸಣ್ಣ ಅಕ್ಷರ, ಬಣ್ಣದ ಮೇಲೆ ಹೊಡೆಯುವ ಗಾಜಿನಂಥ ಲ್ಯಾಕರಿನ ಹೊಳಪಿನ ಅಡಿಯಲ್ಲಿ. ಕನ್ನಡ ಅಕ್ಷರ. ಡೊಲೊರೆಸ್. ಹಸನ್. ಮಾರ್ಕಸ್. ಫಾತಿಮಾ. ಸ್ಟಾನ್ಲಿ. ಸಾಲು ಕುಂಕುಮದ ಬೊಟ್ಟಿನವರೆಗೂ ಹೋಗಿತ್ತು.

"ಇಟಲಿಯವರು ನನಗೆ ಗೌರವ ಅಂತ ಕನ್ನಡದಲ್ಲಿ ಬರೆಸಿದಾರೆ. ಕುಶಲಕರ್ಮಿಗಳ ಹೆಸರು."

"ಹಸನ್ ಇಟಲಿಯವನಾ?" ಎಂದರು ಶಿವರಾಮು.

ಚಂದ್ರಮೌಳಿ ಆ ಬಗ್ಗೆ ಯೋಚಿಸಿರಲಿಲ್ಲ.

ಸರೋಜಮ್ಮ ತಮ್ಮ ಫೋನ್ ತೆಗೆದು, ಗುರುವಾರ ಡಿಯರ್‌ಬಾರ್ನಿನಲ್ಲಿ ತೆಗೆದ ಫೋಟೋ ಪಕ್ಕದಲ್ಲಿಟ್ಟರು. ಅದೇ ಬಾನೆಟ್ಟು, ಅದೇ ಅಂಚು, ಅದೇ ನೇರಳೆ. ಅಕ್ಷರಗಳಿರಲಿಲ್ಲ. ಒರೆಸಿದ ಗುರುತೂ ಇರಲಿಲ್ಲ. ಲ್ಯಾಕರಿನ ಅಡಿಯ ಅಕ್ಷರವನ್ನು ಯಾರೂ ಒರೆಸಲಾರರು.

"ಎರಡು ಗಾಡಿ," ಎಂದರು ಶಿವರಾಮು ಮೆಲ್ಲಗೆ.

"ಹೌದು. ಬಿಲ್ಲೆ ಕಳವಾಗಿಲ್ಲ. ಶೆಡ್ಡಲ್ಲಿರೋ ಗಾಡಿಗೆ ಬಿಲ್ಲೆ ಯಾವತ್ತೂ ಇರಲೇ ಇಲ್ಲ. ತೊಂಬತ್ತೊಂಬತ್ತೇ ಅಂತ ಊರಿಗೆಲ್ಲ ಹೇಳಿ ನೂರನೇದೊಂದು ಕಟ್ಟಿದಾರೆ. ನಿಜವಾದ ಮೂವತ್ತೇಳು ಭಾನುವಾರ ಸಂಜೆ ಆ ಗೇಟಿನಿಂದ ಬೇರೆ ಎಲ್ಲಿಗೋ ಹೋಗಿದೆ. ಕಾರು ಕದ್ದೋರು ಬಿಲ್ಲೆ ಕಳ್ಳಿ ಅಂತ ಒಬ್ಬಳನ್ನ ತೋರಿಸಿದಾರೆ."

"ನನ್ನ ಗಾಡಿ," ಎಂದ ಚಂದ್ರಮೌಳಿ. ಈ ಸಲ ಅವನ ದನಿಯಲ್ಲಿ ರಾಹುಕಾಲದ ಭಯವೂ ಇರಲಿಲ್ಲ.

ಸರೋಜಮ್ಮ ಪವಿತ್ರಳಿಗೆ ವಿಡಿಯೋ ಕರೆ ಮಾಡಿದರು. ಡಿಯರ್‌ಬಾರ್ನಿನ ಅಪಾರ್ಟ್‌ಮೆಂಟಿನಲ್ಲಿ ಅವಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಪ್ಯಾಕಿಂಗ್ ಯಾಕೆ ಮಾಡ್ತಿದೀಯ? ಇನ್ನೂ ಎರಡು ದಿನ ಇದೆ."

"ತೂಕ ನೋಡಾಕತ್ತೀನ್ರಿ ಆಂಟಿ. ಮಂದಿ ಬಂಗಾರ ಗಳಿಸ್ತಾರ, ನಾ ಇಷ್ಟು ರದ್ದಿ ಗಳಿಸೀನಿ."

"ಬಾನೆಟ್ಟಿನ ಒಳಗೆ ಕನ್ನಡದಲ್ಲಿ ಹೆಸರು ಬರೆದೋರು ಯಾರು?"

ಪವಿತ್ರ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. ನಗು ಮಾತ್ರ ಹೋಗಲಿಲ್ಲ.

"ನಾನ ಬರದೀನ್ರಿ. ಶೆಡ್ಡಿನ ಮಂದಿ ಹೆಸರೂ ಹಾಕ್ರಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಇದು ಇಟಲಿಯ ಕೈಗೆಲಸ, ಹೆಸರು ಹಾಕಿದ್ರ ಬೆಲೆ ಕಡಿಮಿ ಆಗ್ತದ ಅಂದ್ರು. ಹಿಂಗಾಗಿ ಮೇ ತಿಂಗಳ ಒಂದು ದಿನ, ಲ್ಯಾಕರ್ ಹೊಡಿಯೋಕಿಂತ ಮೊದಲ, ಬರದುಬಿಟ್ಟೆ. ಮೂವತ್ತೇಳರ ಮ್ಯಾಲೆ ಒಂದ. ಇಟಲಿಯಿಂದ ಬಂದ ಸಾಹೇಬ ಚಿತ್ತಾರ ಅನ್ಕೊಂಡು ಭೇಷ್ ಅಂದ."

"ಅದರ ಫೋಟೋ ನನ್ನ ಕೈಯಲ್ಲಿದೆ. ಶೆಡ್ಡಲ್ಲಿರೋ ಗಾಡಿ ಮೂವತ್ತೇಳಲ್ಲ ಅಂತ ಸಾಬೀತು ಮಾಡೋಕೆ ಇದೊಂದೇ ಸಾಕು." ಸರೋಜಮ್ಮ ಫೋನನ್ನು ಹತ್ತಿರ ಹಿಡಿದರು. "ಆದ್ರೆ ಇದನ್ನ ಮುಂದಿಟ್ರೆ, ಗಾಡಿ ಮೇಲೆ ಬರೆದೋಳು ನೀನು ಅಂತ ಒಪ್ಪಬೇಕು. ಅದಕ್ಕೂ ಕೆಲಸದಿಂದ ತೆಗೀತಾರೆ. ಕಳ್ಳಿ ಅಂತ ಹೋಗ್ತೀಯೋ, ಬರೆದೋಳು ಅಂತ ಹೋಗ್ತೀಯೋ, ಅಷ್ಟೇ ನಿನಗೆ ಉಳಿದಿರೋದು."

ತಾಯಮ್ಮ ಕಾಳು ಬಿಡಿಸುವುದನ್ನು ನಿಲ್ಲಿಸಿದ್ದರು.

"ಬರದಾಕಿ ಅಂತ," ಎಂದಳು ಪವಿತ್ರ. "ಇದರಾಗ ವಿಚಾರ ಮಾಡೋದೇನೈತ್ರಿ? ಸೋಮವಾರ ನಾನ ಓದಿ ಹೇಳ್ತೀನಿ, ಒಂದೊಂದ ಹೆಸರು, ಅವರ ಮುಂದ. ಹದಿನಾಲ್ಕು ಮಂದಿ ಹೆಸರು ಒಮ್ಮೆನಾದ್ರೂ ಆ ಕೋಣ್ಯಾಗ ಕೇಳಲಿ."

"ಹದಿನೈದು," ಎಂದ ಚಂದ್ರಮೌಳಿ. ಅವನು ಫೋಟೋವನ್ನು ದೊಡ್ಡದು ಮಾಡಿ ಎಣಿಸುತ್ತಿದ್ದ.

"ಹದಿನಾಲ್ಕ್ರಿ ಅಂಕಲ್. ಬರದಾಕಿ ನಾನು."

"ಹದಿನೈದಿದೆಯಮ್ಮ. ಕೊನೇದು ಕುಂಕುಮದ ಪಕ್ಕದಲ್ಲಿ, ಸ್ವಲ್ಪ ಓರೆ. ಪವಿತ್ರ ಅಂತ."

ಸರೋಜಮ್ಮ ಫೋನನ್ನು ಕಸಿದುಕೊಂಡರು. ಇದ್ದ ಕನ್ನಡಕ ಸಾಕಾಯಿತು. ಹದಿನಾಲ್ಕು ಹೆಸರು ಒಂದೇ ಕೈಯವು, ದುಂಡು. ಹದಿನೈದನೆಯದು ಬೇರೆ ಕೈ, ಬಲಕ್ಕೆ ವಾಲಿದ ಉದ್ದನೆಯ ಅಕ್ಷರ. ಅದೂ ಲ್ಯಾಕರಿನ ಅಡಿಯಲ್ಲೇ ಇತ್ತು.

"ನಿನ್ನ ಹೆಸರು ನೀನು ಬರೆದುಕೊಳ್ಳಲಿಲ್ವಾ?"

"ಇಲ್ರಿ. ಮಂದಿಗಾಗಿ ಬರದದ್ದು. ನಂದ್ಯಾಕ ಹಾಕೊಳ್ಳಲಿ?"

"ನೀನು ಬರೆದದ್ದು ಎಷ್ಟು ಹೊತ್ತಿಗೆ? ಲ್ಯಾಕರ್ ಹೊಡೆದದ್ದು?"

"ಸಂಜಿ ಐದಕ್ಕ ಬರದೆ. ಮುಂಜಾನೆ ಆರಕ್ಕ ಲ್ಯಾಕರ್ ಬಿತ್ತು."

ಹದಿಮೂರು ಗಂಟೆ. ಅಷ್ಟರೊಳಗೆ ಯಾರೋ ಆ ಪೇಂಟ್ ಕೋಣೆಗೆ ಬಂದಿದ್ದಾರೆ, ಸಾಲನ್ನು ಓದಿದ್ದಾರೆ, ಯಾರ ಕೈ ಎಂದು ಗುರುತು ಹಿಡಿದಿದ್ದಾರೆ, ಅವಳ ಹೆಸರನ್ನು ಅಳಿಸಲಾರದಂತೆ ಸೇರಿಸಿದ್ದಾರೆ. ಉಪಕಾರಕ್ಕೋ, ಬಲೆಗೋ.

"ಕೇಶವ್?" ಎಂದರು ಶಿವರಾಮು.

"ಅವ ಇಲ್ಲೇ ಹುಟ್ಟಿದಾವ್ರಿ ಅಂಕಲ್. ಕನ್ನಡ ಮಾತಾಡ್ತಾನ, ಒಂದಕ್ಷರ ಓದಾಕ ಬರಂಗಿಲ್ಲ." ಪವಿತ್ರಳ ನಗು ಈಗ ಹೋಗಿತ್ತು. ಅವಳು ಪೆಟ್ಟಿಗೆಯ ಅಂಚಿನ ಮೇಲೆ ಕೂತಳು. "ಆ ಶೆಡ್ಡಿನಾಗ ಕನ್ನಡ ಓದಾಕ ಬರೋರು ನಾ ಒಬ್ಬಾಕೀನ ಅಂತ ತಿಳಕೊಂಡಿದ್ದೆ ಆಂಟಿ. ಆರು ವರ್ಷ ಹಂಗ ತಿಳಕೊಂಡಿದ್ದೆ."